ಸೋರುವ ಕಿಟಕಿ, ಸಿಡುಕುವ ಅಕ್ಕ

ಬೆಳಗಿನ ಐದೂವರೆ. ಬಂದರಿನ ದೀಪಗಳು ಇನ್ನೂ ಆರಿಲ್ಲ. ಕಟ್ಟಿ ನಿಲ್ಲಿಸಿದ ಮೀನುಗಾರಿಕೆ ಬೋಟೊಂದರ ಹಿಂಭಾಗದಲ್ಲಿ ಎದೆಯೆತ್ತರದ ತೊಟ್ಟಿಯಿದೆ. ಅದರೊಳಗಿಂದ ಮೊದಲು ಒಂದು ಬೈಗುಳ ಕೇಳಿಬರುತ್ತದೆ. ಆಮೇಲೆ ಕರಕರ ಕೆರೆಯುವ ಸದ್ದು. ಮತ್ತೆ ಬೈಗುಳ.

"ಮೂರು ಪದರ! ಒಂದರ ಮೇಲೊಂದು ಮೂರು ಪದರ ಬಳಿದಿದಾರೆ ಮಹಾನುಭಾವರು. ಇದೇನು ಕಿಟಕಿನೋ, ಮದುವೆ ಹೆಣ್ಣಿನ ಮುಖಾನೋ?"

ಒಳಗೆ ಮಂಡಿಯೂರಿ ಕೂತವರು ಐವತ್ತೆರಡು ವರ್ಷದ ಹೆಂಗಸು. ಬಂದರಿನಲ್ಲಿ ಎಲ್ಲರಿಗೂ ಅವರು 'ಕಿಟಕಿ ಅಕ್ಕ'. ಕೈಯಲ್ಲಿ ಮುರಿದ ಪ್ಲಾಸ್ಟಿಕ್ ತರಕಾರಿ ಮಣೆಯನ್ನು ಉಜ್ಜಿ ತಾವೇ ಮಾಡಿಕೊಂಡ ಚಪ್ಪಟೆ ಉಳಿ. ಕಬ್ಬಿಣದ್ದಾದರೆ ಗೀರು ಬೀಳುತ್ತದೆ, ಗೀರು ಬಿದ್ದಲ್ಲಿ ನೀರಿಗೆ ದಾರಿ ಸಿಗುತ್ತದೆ ಎಂಬುದು ಅವರ ಲೆಕ್ಕ.

ದೊಡ್ಡ ಮೀನು ಗಾಳಕ್ಕೆ ಬೀಳಬೇಕಾದರೆ ಜೀವಂತ ಸಣ್ಣ ಮೀನು ಬೇಕು. ಅವನ್ನು ದಿನಗಟ್ಟಲೆ ಕಾಪಾಡುವುದು ಈ ತೊಟ್ಟಿಯಲ್ಲಿ. ತೊಟ್ಟಿಯ ಒಂದು ಬದಿಗೆ ಎರಡೂವರೆ ಅಡಿ ಅಗಲದ ಕಿಟಕಿ. ಎಲ್ಲರೂ ಅದನ್ನು ಗ್ಲಾಸ್ ಎನ್ನುತ್ತಾರಾದರೂ ಅದು ದಪ್ಪನೆಯ ಅಕ್ರಿಲಿಕ್ ಹಾಳೆ. ಅದರಲ್ಲಿ ಇಣುಕಿದಾಗ ಮೀನುಗಳೆಲ್ಲ ಒಂದೇ ದಿಕ್ಕಿಗೆ ಸುತ್ತುತ್ತಿದ್ದರೆ ಕ್ಷೇಮ, ದಿಕ್ಕಾಪಾಲಾಗಿದ್ದರೆ ನೀರು ಕೆಟ್ಟಿದೆ ಎಂದರ್ಥ. ತುಂಬಿದ ತೊಟ್ಟಿಯಲ್ಲಿರುವುದು ಎರಡು ಟನ್ ನೀರು. ಅದನ್ನು ತಡೆದು ನಿಲ್ಲಿಸುವುದು ಈ ಹಾಳೆ, ಅದರ ಹಿಂದಿನ ಅಂಟು ಮತ್ತು ಸುತ್ತಲಿನ ಸ್ಕ್ರೂಗಳು. ಮೂವತ್ತು ಸ್ಕ್ರೂ ಎಂದು ಮೊದಲು ಹೇಳಿದ ಅಕ್ಕ, ಕೆಲಸ ನಿಲ್ಲಿಸಿ ಒಂದೊಂದನ್ನೂ ಮುಟ್ಟಿ ಎಣಿಸಿ, ಮೂವತ್ತೆರಡು ಎಂದು ತಿದ್ದುತ್ತಾರೆ.

ಕಿಟಕಿ ಸೋರಲು ಶುರುವಾಗಿ ನಾಲ್ಕು ತಿಂಗಳಾಗಿದೆ. ಸೋರಿದಾಗಲೆಲ್ಲ ಬೋಟಿನ ಮಾಲೀಕರು ಯಾರನ್ನಾದರೂ ಹಿಡಿದು ಅಂಚಿಗೆ ಸಿಲಿಕಾನ್ ಅಂಟು ಬಳಿಸಿದ್ದಾರೆ. ಹಳೆಯ ಸಿಲಿಕಾನ್ ಮೇಲೆ ಹೊಸದು ಹಿಡಿಯುವುದೇ ಇಲ್ಲ. ಎರಡು ವಾರಕ್ಕೆ ಸಿಪ್ಪೆಯಂತೆ ಏಳುತ್ತದೆ. "ಸೋರೋದು ಹಾಳೆ ಹಿಂದಿನ ಸಂದಿ, ಬಳಿಯೋದು ಮುಂದಿನ ಅಂಚು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎನ್ನುತ್ತಾರೆ ಅಕ್ಕ. ಕೊನೆಗೆ ಅವರಿಗೆ ಹೇಳಿ ಕಳಿಸಿದ್ದು ನಿನ್ನೆ ಸಂಜೆ. ಬೋಟು ಹೊರಡಬೇಕಾದದ್ದು ಇವತ್ತು ಸಂಜೆ!

ಹಾಳೆಯನ್ನು ಚೌಕಟ್ಟಿನಿಂದ ಬಿಡಿಸಲು ಅವರು ಬಳಸುವುದು ಮೀನಿನ ನೈಲಾನ್ ದಾರ. ಸ್ಕ್ರೂ ತೆಗೆದ ತೂತಿನಿಂದ ದಾರವನ್ನು ಸಂದಿಗೆ ನುಗ್ಗಿಸಿ, ಒಂದು ತುದಿ ಒಳಗಿನವರು, ಇನ್ನೊಂದು ತುದಿ ಹೊರಗಿನವರು ಹಿಡಿದು ಗರಗಸದಂತೆ ಎಳೆಯಬೇಕು. ಹೊರಗೆ ಹಿಡಿದಿರುವವನು ಅಕ್ಕನ ತಮ್ಮ. ಮೂವತ್ತೆಂಟು ವರ್ಷ, ಎರಡು ಮಕ್ಕಳ ತಂದೆ. ಈ ಬೋಟಿನಲ್ಲಿ ಸಣ್ಣ ಮೀನು ನೋಡಿಕೊಳ್ಳುವ ಕೆಲಸ ಅವನದೇ. ಕಡಲಿಗೆ ಇಳಿದರೆ ದಿನದ ಹತ್ತು ಗಂಟೆ ಅವನು ನಿಲ್ಲುವುದು ಈ ಕಿಟಕಿಯ ಮುಂದೆ.

ಆರೂವರೆಗೆ ಹಾಳೆ ಕಳಚಿ ಬರುತ್ತದೆ. ಅಕ್ಕ ಅದನ್ನು ಹೊರಗೆ ತಂದು ಬಿಸಿಲಿಗೆ ಹಿಡಿಯುತ್ತಾರೆ. ತಿರುಗಿಸಿ ಮತ್ತೆ ಹಿಡಿಯುತ್ತಾರೆ. ಸ್ಕ್ರೂ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕುಗಳು ಹಬ್ಬಿವೆ. ಬಣ್ಣ ತೆಳುಮಾಡುವ ಥಿನ್ನರ್ ತಾಗಿದರೆ ಅಕ್ರಿಲಿಕ್ ಹೀಗೇ ಬಿರುಕು ಬಿಡುತ್ತದೆ.

"ಇದಕ್ಕೆ ಥಿನ್ನರ್ ಹಾಕಿದ್ದು ಯಾರೋ?"

ತಮ್ಮ ದಾರ ಸುತ್ತುತ್ತ ನಿಲ್ಲುತ್ತಾನೆ.

"ನಿನ್ನೇ ಕೇಳ್ತಿರೋದು."

"ಗ್ಲಾಸ್ ಮಸುಕಾಗಿದೆ, ಒರೆಸು ಅಂದ್ರು ಸಾವ್ಕಾರ್ರು. ಪೇಂಟಿಂದು ಥಿನ್ನರ್ ಇತ್ತು. ಹಚ್ಚಿದ ತಕ್ಷಣ ಫಳಫಳ ಹೊಳೀತು ಅಕ್ಕಾ."

"ಹೊಳೀತಂತೆ! ನಿನ್ನ ಭಾವನ ಕಾಲು ಇಷ್ಟು ವರ್ಷ ಕಣ್ಣಾರೆ ನೋಡಿದೋನು ನೀನು. ನೀನೇ ಹೀಗೆ ಮಾಡಿದ್ರೆ ಬೇರೆಯವರಿಗೆ ಏನು ಹೇಳ್ಲೋ ನಾನು?"

ಭಾವನ ಕಾಲಿನ ಕಥೆ ಬಂದರಿಗೆಲ್ಲ ಗೊತ್ತು. ಹದಿನಾಲ್ಕು ವರ್ಷದ ಹಿಂದೆ ಅಕ್ಕನ ಗಂಡ ಇನ್ನೊಂದು ಬೋಟಿನಲ್ಲಿ ಇದೇ ಕೆಲಸ ಮಾಡುತ್ತಿದ್ದರು. ಕಡಲಿನ ನಡುವೆ ಕಿಟಕಿ ಸಿಡಿಯಿತು. ಎರಡು ಟನ್ ನೀರು ಅವರನ್ನು ಎತ್ತಿ ಬಲೆ ಎಳೆಯುವ ಯಂತ್ರಕ್ಕೆ ಬಡಿಯಿತು. ಎಡ ಮಂಡಿ ಅಂದಿನಿಂದ ಮಡಚುವುದಿಲ್ಲ. ಆ ಕಿಟಕಿಗೂ ನಾಲ್ಕು ಸಲ ಬಳಿಯಲಾಗಿತ್ತು. ಆಗ ಮಂಜುಗಡ್ಡೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಕ್ಕ, ಕಿಟಕಿ ಕೂರಿಸುವ ಸರಿಯಾದ ಕ್ರಮ ಯಾವುದೆಂದು ಬಂದರಿನಲ್ಲಿ ಸಿಕ್ಕವರನ್ನೆಲ್ಲ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಪೇಟೆಯಲ್ಲಿ ಅಕ್ವೇರಿಯಂ ಮಾಡುವ ಮುದುಕರೊಬ್ಬರ ಅಂಗಡಿಯಲ್ಲಿ ಐದು ತಿಂಗಳು ಕಸ ಗುಡಿಸುತ್ತ ಕಲಿತರು. "ನನ್ನ ತೊಟ್ಟಿ ಒಡೆದ್ರೆ ಮೀನು ಸಾಯುತ್ತೆ. ನಿನ್ನದು ಒಡೆದ್ರೆ ಮನುಷ್ಯ. ಅರ್ಧಂಬರ್ಧ ಕಲೀಬೇಡ," ಎಂದಿದ್ದರಂತೆ ಆ ಮುದುಕರು.

ಏಳು ಗಂಟೆಗೆ ಮಾಲೀಕರು ಬರುತ್ತಾರೆ. ಕೈಯಲ್ಲಿ ಫೋನು, ಕಣ್ಣು ಗಡಿಯಾರದ ಮೇಲೆ.

"ಏನಮ್ಮಾ, ಇನ್ನೂ ಬಿಚ್ತಾನೇ ಇದೀಯಾ? ಅದನ್ನೇ ಕೂರಿಸಿ ಬಿಗಿ ಮಾಡು. ಮೀನು ಬಂದಿದೆ ಅಂತ ಸುದ್ದಿ. ಸಂಜೆ ಹೊರಡ್ಲೇಬೇಕು."

"ಈ ಹಾಳೆ ಸತ್ತಿದೆ ಸಾವ್ಕಾರ್ರೇ. ಹೊಸದು ಹಾಕ್ಬೇಕು. ಅಂಟು ಒಣಗೋಕೆ ಮೂರು ದಿನ."

"ಮೂರು ದಿನ ಮೀನು ಕಾಯುತ್ತಾ? ಸಣ್ಣ ಗೀರಿಗೆ ಇಷ್ಟು ರಾದ್ಧಾಂತ. ನಿನ್ನ ಕೈಲಾಗದಿದ್ರೆ ಹೇಳು, ಬೇರೆಯವರು ಅರ್ಧ ಗಂಟೇಲಿ ಮಾಡ್ತಾರೆ."

ಅಕ್ಕ ಹಾಳೆಯನ್ನು ಹೊತ್ತು ದಡಕ್ಕೆ ಇಳಿದು, ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಇಡುತ್ತಾರೆ. ಸುತ್ತಿಗೆ ಎತ್ತಿ ಒಂದೇ ಏಟು. ಹಾಳೆ ತೂತಿನಿಂದ ತೂತಿಗೆ ಸೀಳಿ ಮೂರು ಹೋಳಾಗುತ್ತದೆ. ಪಕ್ಕದ ಬೋಟಿನಲ್ಲಿ ಬಲೆ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ನೋಡುತ್ತಾರೆ.

"ನನ್ನ ಸಾಮಾನು ಒಡೆದು ಹಾಕಿದ್ಯಲ್ಲೇ!" ಮಾಲೀಕರ ದನಿ ಏರುತ್ತದೆ.

"ಒಡೆದೇ ಇತ್ತು. ನಾನು ತೋರಿಸಿದೆ ಅಷ್ಟೆ. ಗಟ್ಟಿ ಹಾಳೆ ಆಗಿದ್ರೆ ಸುತ್ತಿಗೆ ಪುಟಿದು ನನ್ನ ಹಣೆಗೇ ಬಡೀತಿತ್ತು. ಇದರ ಮುಂದೆ ನನ್ನ ತಮ್ಮ ನಿಲ್ತಾನೆ, ನೀವಲ್ಲ. ಅರ್ಜೆಂಟಿದ್ರೆ ಹಲಗೆ ಹೊಡಿಸ್ಕೊಂಡು ಹೋಗಿ, ಬೇಡ ಅನ್ನಲ್ಲ. ಹಲಗೆ ಸಿಡಿಯಲ್ಲ."

ಹಲಗೆ ಹೊಡೆದರೆ ಮೀನು ಕಾಣುವುದಿಲ್ಲ. ಕಾಣದ ಮೀನು ಸತ್ತರೆ ಇಡೀ ಪ್ರಯಾಣ ವ್ಯರ್ಥ. ಅದು ಮಾಲೀಕರಿಗೂ ಗೊತ್ತು. ಅವರು ಹಲ್ಲು ಕಡಿಯುತ್ತ ಹೊರಟುಹೋಗುತ್ತಾರೆ.

ಹೊಸ ಹಾಳೆ ಸಿದ್ಧವಾಗುವುದು ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ. ಗಂಡ ಎಡಗಾಲನ್ನು ಸ್ಟೂಲಿನ ಮೇಲೆ ನೀಡಿ ಕೂತು ತೂತು ಕೊರೆಯುತ್ತಾರೆ. ಬಿಸಿಲಿಗೆ ಹಾಳೆ ಹಿಗ್ಗುವುದರಿಂದ ತೂತು ಸ್ಕ್ರೂಗಿಂತ ತುಸು ದೊಡ್ಡದಿರಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಕಳೆದ ವರ್ಷದ ಕೆಲಸಗಳ ಗುರುತಿದೆ: ಅಕ್ಕಪಕ್ಕದ ಬಂದರುಗಳದ್ದೂ ಸೇರಿ ಇಪ್ಪತ್ತಮೂರು ಕಿಟಕಿ. ಅದರಲ್ಲಿ ಹದಿನೇಳಕ್ಕೆ ಕೆಂಪು ಸುತ್ತು, ಅಂದರೆ ಬೇರೆಯವರು ಬಳಿದು ಕೆಡಿಸಿದ ಮೇಲೆ ಬಂದವು. "ನನ್ನ ಕಾಲೊಂದು ಬಗ್ಗಲ್ಲ, ಇವಳ ಕತ್ತೊಂದು ಬಗ್ಗಲ್ಲ. ಜೋಡಿ ಸರಿಯಾಗಿದೆ," ಎಂದು ಗಂಡ ನಗುತ್ತಾರೆ. ಅಕ್ಕ ನಗುವುದಿಲ್ಲ. ಹೋಳಾದ ಹಾಳೆಯ ಒಂದು ತುಂಡನ್ನು ತಮ್ಮನ ಹೆಂಡತಿಗೆ ಕೊಡಲೆಂದು ಚೀಲಕ್ಕೆ ಹಾಕುತ್ತಾರೆ. "ಅಡುಗೆಮನೇಲಿ ಕಣ್ಣಿಗೆ ಬೀಳೋ ಹಾಗೆ ಇಡಲಿ. ಅವನು ಊಟ ಮಾಡುವಾಗೆಲ್ಲ ನೋಡ್ಲಿ."

ಮಧ್ಯಾಹ್ನ ಹಾಳೆ ಕೂರುತ್ತದೆ. ಚೌಕಟ್ಟಿಗೆ ಬೆರಳು ದಪ್ಪದ ಅಂಟಿನ ಗೆರೆ ಎಳೆದು, ಹಾಳೆ ಒತ್ತಿ, ಮೂವತ್ತೆರಡು ಸ್ಕ್ರೂಗಳನ್ನು ಕೈಗೆ ಬಿಗಿ ತಾಕುವಷ್ಟು ಮಾತ್ರ ತಿರುಗಿಸುತ್ತಾರೆ. ಎಲ್ಲರೂ ತಪ್ಪುವುದು ಇಲ್ಲೇ. ಗಟ್ಟಿಯಾಗಲೆಂದು ಮೊದಲ ದಿನವೇ ಬಿಗಿದರೆ ಅಂಟೆಲ್ಲ ಹೊರಗೆ ಚಿಮ್ಮಿ ಸಂದಿ ಬರಿದಾಗುತ್ತದೆ. ಒಣಗಿದ ಮೇಲೆಯೇ ಕಾಲು ಸುತ್ತು ಬಿಗಿ. ಆಮೇಲೆ ಕಾಯುವುದು. ಮಾಲೀಕರು ದಿನಕ್ಕೆ ಮೂರು ಸಲ ಬಂದು ಅಂಟನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಅಕ್ಕ ಮೂರು ಸಲವೂ ಗದರುತ್ತಾರೆ. "ನೀವು ಸಾವ್ಕಾರ್ರು ಅಂತ ಅಂಟಿಗೆ ಗೊತ್ತಿಲ್ಲ. ಅದು ಒಣಗೋವಾಗಲೇ ಒಣಗೋದು."

ನಾಲ್ಕನೇ ದಿನ ಬೆಳಿಗ್ಗೆ ಸ್ಕ್ರೂಗಳನ್ನು ಕಾಲು ಸುತ್ತು ಬಿಗಿದು ನೀರು ಬಿಡುತ್ತಾರೆ. ಚೌಕಟ್ಟಿನ ಸುತ್ತ ಸೀಮೆಸುಣ್ಣದ ಪುಡಿ ಬಳಿದಿದ್ದಾರೆ. ಒಂದು ಹನಿ ಜಿನುಗಿದರೂ ಕಪ್ಪು ಗೆರೆ ಮೂಡಬೇಕು. ತೊಟ್ಟಿ ತುಂಬುತ್ತಿದ್ದಂತೆ ಅಕ್ಕ ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಕೆಲಸ ಕಲಿತಂದಿನಿಂದ ಪ್ರತಿ ಕಿಟಕಿಗೂ ಹೀಗೆ ಒಂದು ಗಂಟೆ. ತಮ್ಮನೂ ಪಕ್ಕದಲ್ಲಿ ಕೂರಲು ಬರುತ್ತಾನೆ. "ಆಚೆ ಹೋಗೋ. ನನ್ನ ಕೆಲಸ, ನನ್ನ ಬೆನ್ನು."

ಒಂದು ಗಂಟೆ ಕಳೆದರೂ ಪುಡಿ ಬೆಳ್ಳಗೇ ಇದೆ.

ಮಾಲೀಕರು ಇಣುಕಿ ನೋಡಿ, "ಇದೇ ಕೊನೆ. ಇನ್ನು ನನ್ನ ಮೂರು ಬೋಟಿಗೂ ನಿನ್ನನ್ನ ಕರೆಯಲ್ಲ," ಎನ್ನುತ್ತಾರೆ. ಬಂದರಿನಲ್ಲಿ ಇಂಥ ತೊಟ್ಟಿಯಿರುವ ಬೋಟುಗಳೇ ಹದಿನಾಲ್ಕು. ಅಕ್ಕ ಸೀರೆಗೆ ಅಂಟಿದ ಪುಡಿ ಕೊಡವಿಕೊಳ್ಳುತ್ತಾರೆ. "ನನ್ನನ್ನ ಕರೀದಿದ್ರೆ ಬೇಡ. ಗೊತ್ತಿರೋ ಯಾರನ್ನಾದ್ರೂ ಕರೀರಿ. ಆದ್ರೆ ಮೊದಲ ಹನಿ ಕಂಡ ದಿನಾನೇ ಕರೀರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕ್ಬೇಡಿ. ನಾನು ಕೇಳೋದು ಇಷ್ಟೇ."

ಸಂಜೆ ನಾಲ್ಕಕ್ಕೆ ಬೋಟು ಹೊರಡುತ್ತದೆ. ತೊಟ್ಟಿಯಲ್ಲಿ ಸಣ್ಣ ಮೀನುಗಳು ಒಂದೇ ದಿಕ್ಕಿಗೆ ಸುತ್ತುತ್ತಿವೆ. ತಮ್ಮ ಹಗ್ಗ ಬಿಚ್ಚುತ್ತ ಕೂಗುತ್ತಾನೆ:

"ನಾಲ್ಕು ದಿನದಿಂದ ಬೈತಾನೇ ಇದೀಯ. ಸಿಟ್ಟು ಇಳೀತಾ ಅಕ್ಕಾ?"

"ಇಳಿದಿಲ್ಲ. ಇನ್ನೂ ಬೇಕಾದಷ್ಟಿದೆ ಬೈಯೋಕೆ," ಅಕ್ಕ ದಡದಿಂದ ಕೂಗುತ್ತಾರೆ. "ನೆಟ್ಟಗೆ ವಾಪಸ್ ಬಾ, ಬೈಸ್ಕೊಳ್ಳೋಕೆ."