ಪ್ಯಾಕೆಟ್ಟಿಲ್ಲದ ಕಡಲಪಾಚಿ

ಹಸು ಕೊಳ್ಳುವವರು ಮೊದಲು ಹಲ್ಲು ನೋಡಿ, ಆಮೇಲೆ ನಡಿಗೆ ನೋಡಿ. ಕೆಚ್ಚಲನ್ನು ಕೊನೆಗೆ ನೋಡಿ. ಅದು ತುಂಬಿಕೊಂಡು ಕಾಣಲಿ ಎಂದು ಮಾರುವವನು ಅವತ್ತು ಬೆಳಿಗ್ಗೆ ಹಾಲು ಕರೆಯದೆ ಹಾಗೇ ಬಿಟ್ಟಿರುತ್ತಾನೆ. ಇಂಥ ಬುದ್ಧಿಮಾತು ನನ್ನ ಹತ್ತಿರ ಬೇಕಾದಷ್ಟಿದೆ. ಬೇರೆಯವರ ದನ ಹೊಡೆದುಕೊಂಡು ಬರಿಗಾಲಲ್ಲಿ ಸಂತೆಗೆ ನಡೆಯುತ್ತಿದ್ದ ನಾನು ದಲ್ಲಾಳಿಯಾದದ್ದೇ ಈ ಬಾಯಿಂದ. ಅಕ್ಕನ ಕೊಟ್ಟಿಗೆ ಹಾಳಾದದ್ದೂ ಇದೇ ಬಾಯಿಂದ.

ಕುದೇರಿನಲ್ಲಿ ಅಕ್ಕ ಒಬ್ಬಳೇ. ಭಾವ ತೀರಿಕೊಂಡ ಮೇಲೆ ನಾನೇ ಒಂದು ಹೆಣ್ಣುಕರು ಹಿಡಿದು ತಂದುಕೊಟ್ಟಿದ್ದೆ. ಅದು ಬೆಳೆದು ಚೊಚ್ಚಲು ಗಬ್ಬವಾಗಿತ್ತು. ಹೆಣ್ಗರು ಹಾಕಿದರೆ ಕೊಟ್ಟಿಗೆಯಲ್ಲಿ ಎರಡಾಗುತ್ತದೆ ಎಂದು ಅಕ್ಕ ಕರುವಿಗೆ ಗೂಟ ಕೂಡ ನೆಟ್ಟಿದ್ದಳು.

ಅದೇ ಹೊತ್ತಿಗೆ ಗುಂಡ್ಲುಪೇಟೆಯ ಪಶು ಆಹಾರದ ಅಂಗಡಿಗೆ ಕಡಲಪಾಚಿಯ ಪುಡಿ ಬಂತು. ಬೂಸಾದ ಜೊತೆ ಕಲಸಿ ಕೊಟ್ಟರೆ ಹಾಲು ಹೆಚ್ಚುತ್ತದೆಯಂತೆ. ಮಿರುಗುವ ಪ್ಯಾಕೆಟ್ಟು, ಒಳಗೊಂದು ಪುಟ್ಟ ಅಳತೆ ಚಮಚ.

"ಪ್ಯಾಕೆಟ್ಟಿಗ್ಯಾಕ ದುಡ್ ಕೊಡನ? ಅಸ ಪ್ಯಾಕೆಟ್ ತಿಂದದಾ?" ಎಂದೆ.

"ನಿಮ್ ಜೊತೆ ಏಗಕ್ಕಾಗಲ್ಲ ಬುಡಿ," ಎಂದು ಅಂಗಡಿಯವನು ನಗುತ್ತಾ ಹಿಂದಿನ ಗೋಡೌನಿನಿಂದ ಅದೇ ಪುಡಿಯನ್ನು ಬಿಡಿಯಾಗಿ ಗೋಣಿಚೀಲಕ್ಕೆ ತುಂಬಿಸಿ ತಂದ. ಗೆದ್ದೆ ಎಂದುಕೊಂಡೇ ಬಸ್ಸು ಹತ್ತಿದೆ.

ಅಕ್ಕ ಮೂಸಿ ಮುಖ ಸಿಂಡರಿಸಿದಳು. "ಒಣಮೀನ್ ನಾತ ಕಣ್ಲಾ! ಯೋಟ್ ಆಕನ?"

"ಒಂದ್ ಹಿಡಿ."

"ಗಬ್ಬದ್ ಅಸ ಕಣ್ಲಾ ಇದು."

"ಅಂಗಾರೆ ಎರಡೊತ್ತೂ ಒಂದೊಂದ್ ಹಿಡಿ ಆಕು. ಎರಡು ಜೀವ ಅಲ್ವಾ."

ಬಸುರಿ ಹೆಂಗಸಿಗೆ ಇನ್ನೊಂದು ಸೌಟು ಜಾಸ್ತಿ ಬಡಿಸುವ ಮನೆ ನಮ್ಮದು. ಅದೇ ಲೆಕ್ಕ ಹಿಡಿದೆ. ಅಂಗಡಿಯವನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಗೊತ್ತಿಲ್ಲದವನಾಗಿಬಿಡುತ್ತೇನೆ ಅನ್ನಿಸಿತು.

ಹಸು ಮೊದಲು ಮೂತಿ ತಿರುಗಿಸಿತು. ಬೆಲ್ಲ ಸೇರಿಸು ಎಂದೆ. ವಾರದಲ್ಲಿ ಆ ಪುಡಿಯ ಉಪ್ಪಿಗೆ ಎಷ್ಟು ಒಗ್ಗಿಕೊಂಡಿತೆಂದರೆ, ನಾನು ಹೋದರೆ ಅಂಗೈ ನೆಕ್ಕಲು ಶುರುಮಾಡುತ್ತಿತ್ತು. ಅಕ್ಕ ಒಂದು ಹೊತ್ತೂ ತಪ್ಪಿಸಲಿಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದ ದಿನವೂ ಪಕ್ಕದ ಮನೆಯವಳಿಗೆ ಹಿಡಿ ತೋರಿಸಿ, ಇಷ್ಟು ಎಂದು ಹೇಳಿ ಹೋದಳಂತೆ.

ಕರು ಹಾಕಿದ ಬೆಳಿಗ್ಗೆ ಫೋನು ಬಂತು. ಹೋಗಿ ನೋಡಿದರೆ ಹೆಣ್ಗರುವೇ. ಕತ್ತಿನ ಕೆಳಗೆ ನಿಂಬೆಹಣ್ಣು ಸಿಕ್ಕಿಕೊಂಡ ಹಾಗೆ ಗಂಟು. ಎತ್ತಿ ನಿಲ್ಲಿಸಿದರೆ ಕಾಲು ಮಡಚಿ ಕುಸಿಯುತ್ತಿತ್ತು. ಮೊಲೆ ಬಾಯಿಗಿಟ್ಟರೂ ಚೀಪಲಿಲ್ಲ.

ಪಶುವೈದ್ಯರು ಬಂದು ಕತ್ತು ಸವರಿ, ಏನು ತಿನ್ನಿಸಿದ್ದಿರಿ ಎಂದರು. ಹೇಳಿದೆ.

"ದಿನಾ ಎರಡು ಹಿಡಿನಾ? ಪ್ಯಾಕೆಟ್ ಮೇಲೆ ಅಳತೆ ಬರೆದಿರುತ್ತಲ್ಲ. ಕಡಲಪಾಚಿಯಲ್ಲಿ ಅಯೋಡಿನ್ ಜಾಸ್ತಿ. ಮಿತಿ ಮೀರಿದರೆ ಹೊಟ್ಟೆಯಲ್ಲಿರೋ ಕರುವಿನ ಗಂಟಲು ಹೀಗೆ ಊದಿಕೊಳ್ಳುತ್ತೆ. ಎಲ್ಲಿ, ಪ್ಯಾಕೆಟ್ ತನ್ನಿ ನೋಡೋಣ."

"ಪ್ಯಾಕೆಟ್ಟಿಲ್ಲ ಸಾ," ಎಂದೆ.

ಅಕ್ಕ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೆರಳಿಗೆ ಬಟ್ಟೆ ಸುತ್ತಿ, ಹಾಲಲ್ಲಿ ಅದ್ದಿ, ಹನಿ ಹನಿಯಾಗಿ ಬಿಟ್ಟೆವು. ಮಾರನೆಯ ದಿನ ಮಧ್ಯಾಹ್ನ ಕರು ಹೋಯಿತು. ಹಿತ್ತಲಲ್ಲಿ ನಾನೇ ಗುಂಡಿ ತೋಡಿದೆ, ಕರುವನ್ನು ಇನ್ನೂ ಅದರಲ್ಲಿ ಇಟ್ಟಿರಲಿಲ್ಲ.

ಹಸು ಗೂಟದತ್ತ ತಿರುಗಿ ಅರಚುತ್ತಲೇ ಇತ್ತು, ಹಾಲು ಇಳಿಸಲಿಲ್ಲ. ಹೀಗಾದಾಗ ಏನು ಮಾಡಬೇಕೆಂದು ನನಗೆ ಗೊತ್ತು. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಾರೆ, ತಾಯಿ ಅದನ್ನು ನೆಕ್ಕುತ್ತಾ ತೊರೆಬಿಟ್ಟು ಹಾಲು ಇಳಿಸುತ್ತದೆ. ಎಷ್ಟೋ ಮನೆಯಲ್ಲಿ ಹೇಳಿಕೊಟ್ಟಿದ್ದೇನೆ.

"ಅಕ್ಕಾ, ಒಂದ್ ಕೆಲ್ಸ ಮಾಡನ..." ಎಂದೆ.

"ನೀ ಇನ್ನೇನೂ ಏಳ್ಬ್ಯಾಡ ಕಣಪ್ಪ," ಎಂದಳು. ಜೋರಾಗಿಯೂ ಅಲ್ಲ.

ಕೊಟ್ಟಿಗೆಯಿಂದ ಹೊರಡುವಾಗ ಹಸು ಕತ್ತು ಚಾಚಿ ನನ್ನ ಅಂಗೈ ನೆಕ್ಕತೊಡಗಿತು. ಗುಂಡಿಯ ಮಣ್ಣು ಇನ್ನೂ ಕೈಗೆ ಮೆತ್ತಿಕೊಂಡಿತ್ತು. ಉಪ್ಪು ಸಿಗುವವರೆಗೂ ಬಿಡುವುದಿಲ್ಲವೆಂಬಂತೆ ನೆಕ್ಕುತ್ತಿತ್ತು. ಅಕ್ಕ ಬೆನ್ನು ತಿರುಗಿಸಿ ಕರುವಿನ ಗೂಟ ಅಲುಗಾಡಿಸಿ ಕೀಳುತ್ತಿದ್ದಳು. ನಾನು ಕೈ ಎಳೆದುಕೊಳ್ಳಲಿಲ್ಲ.