ಡ್ರಾಯರಿನಲ್ಲಿದ್ದ ರೇಷ್ಮೆ

ಸ್ನೇಹಿತರೇ, ಇವತ್ತು ರಾಮನಗರದ ಅಂಗಡಿಯೊಂದರಲ್ಲಿ ಅಮ್ಮನಿಗೆ ರೇಷ್ಮೆ ಸೀರೆ ನೋಡುತ್ತಿದ್ದೆವು. ಅಪ್ಪಟ ರೇಷ್ಮೆಯೇ ಎಂದು ಕೇಳಿದ್ದಕ್ಕೆ ಅಂಗಡಿಯವನು ಡ್ರಾಯರಿನಿಂದ ಒಂದು ಎಳೆ ತೆಗೆದು ಸುಟ್ಟು ತೋರಿಸಿದ. ಕೂದಲು ಸುಟ್ಟ ವಾಸನೆ ಬಂತು, ಬೂದಿ ಪುಡಿಯಾಯಿತು.

“ಅದ್ಯಾಕಪ್ಪ, ಈ ಸೀರೇದೇ ಒಂದೆಳೆ ಸುಡು,” ಎಂದಳು ಅಮ್ಮ.

“ಹೊಸ ಸೀರೆ ಹಾಳಾಯ್ತದೆ ಕಣಮ್ಮ.”

ಅಮ್ಮ ಬಿಡಲಿಲ್ಲ. ಸೆರಗಿನ ತುದಿಯಿಂದ ತಾನೇ ಒಂದು ಎಳೆ ಕಿತ್ತು ಕಡ್ಡಿ ಗೀರಿದಳು. ಅದು ಪ್ಲಾಸ್ಟಿಕ್ಕಿನಂತೆ ಕರಗಿ ಗಟ್ಟಿ ಗುಂಡಾಯಿತು.

“ನಿಮಗೇನಮ್ಮ ಗೊತ್ತು ರೇಷ್ಮೆ ವಿಚಾರ?” ಎಂದು ಅವನೇ ರೇಗಿದ.

ಕೇಳಿದ್ದು ಯಾರನ್ನು? ಮೂವತ್ತು ವರ್ಷ ಇದೇ ಊರಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆದವಳನ್ನು.

ಡ್ರಾಯರಿನ ಆ ಎಳೆಯಂತೂ ಅಪ್ಪಟ ರೇಷ್ಮೆ. ಅಮ್ಮನೇ ತೆಗೆದ ನೂಲಿದ್ದರೂ ಇರಬಹುದು.