ಮೂರನೇ ಕಂಬದ ಬಂಡೆ

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಅಳತೆ ತಪ್ಪಿದರೆ ನನಗೆ ಸಿಟ್ಟು ಬರುತ್ತದೆ. ನಿವೃತ್ತಿಯಾದ ಮೇಲೆ ಈ ಸಿಟ್ಟು ಯಾರ ತಲೆಯ ಮೇಲೆ ಬೀಳುತ್ತದೋ ಎಂದು ಮನೆಯವರು ಹೆದರಿಕೊಂಡಿದ್ದರು. ನಾನು ಅದನ್ನು ರಾಯಚೂರಿನ ನಮ್ಮ ಮನೆಯ ಮಾಳಿಗೆ ಕೋಣೆಗೆ ಎತ್ತಿಕೊಂಡು ಹೋಗಿ ಪುಟ್ಟ ರೈಲು ಕಟ್ಟತೊಡಗಿದೆ. ನಿಜವಾದ ಎಂಬತ್ತೇಳು ಅಡಿ ನನ್ನ ಕೋಣೆಯಲ್ಲಿ ಒಂದು ಅಡಿ. ಈ ಲೆಕ್ಕ ಒಪ್ಪದವರಿಗೆ ಮೆಟ್ಟಿಲು ಹತ್ತುವ ಅಪ್ಪಣೆ ಇರಲಿಲ್ಲ.

ಹತ್ತುತ್ತಿದ್ದವರು ಮೂವರು. ಮೂವರೂ ಸಿಕ್ಕಿದ್ದು ರಾಯಚೂರು ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಮೇಲೆ. ನಾನು ಮೊದಲ ಸಲ ಅಲ್ಲಿ ಹೋಗಿ ನಿಂತಾಗ ಬೆಂಚಿನಿಂದ ಒಂದು ದನಿ, "ಯಾರನ್ನ ಕರಕೊಳ್ಳಾಕ ಬಂದೀರಿ ಅಕ್ಕಾರ?" ಎಂದಿತು. "ಯಾರನ್ನೂ ಇಲ್ಲ. ಇಂಜಿನ್ ನೋಡಾಕ ಬಂದೀನಿ" ಎಂದೆ. ಬೆಂಚಿನವರು ಸರಿದು ನನಗೆ ಜಾಗ ಕೊಟ್ಟರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಪ್ಲಾಟ್‌ಫಾರ್ಮ್ ಟಿಕೆಟ್ಟು, ಚಹಾ, ವಾದ.

ಮಾತಾಡಿಸಿದ್ದವನು ದೇವದುರ್ಗದವನು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ನನ್ನ ರೈಲಿನ ವೈರಿಂಗೆಲ್ಲ ಅವನದೇ. ಅವನ ಪಕ್ಕದಲ್ಲಿದ್ದವರು ಮಾನ್ವಿಯ ಗುಡಿಯೊಂದರಲ್ಲಿ ಪೂಜೆ ಮಾಡುವವರು. ಬೆಳಗಿನ ಪೂಜೆ ಮುಗಿಸಿ, ಪಂಚೆಯ ಮೇಲೆ ಶರ್ಟು ಸಿಕ್ಕಿಸಿಕೊಂಡು ಬಸ್ಸು ಹತ್ತಿಬಿಡುತ್ತಿದ್ದರು. ದೇವದುರ್ಗಕ್ಕೆ ರೈಲಿಲ್ಲ. ಮಾನ್ವಿಗೆ ರೈಲು ಬರುತ್ತದೆ ಎಂಬ ಮಾತು ಬಂದಿದೆ, ರೈಲು ಬಂದಿಲ್ಲ. ಅದಕ್ಕೇ ಇರಬೇಕು, ಇಬ್ಬರಿಗೂ ರೈಲಿನ ಹುಚ್ಚು ನನಗಿಂತ ಒಂದು ತೂಕ ಹೆಚ್ಚು.

ಮೂರನೆಯವರು ಡ್ರೈವರ್ ಸಾಹೇಬರು. ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಗಾಡಿ ತಂದು ತಂದು ನಿವೃತ್ತರಾದವರು. ಕೃಷ್ಣಾ ನದಿಯ ಸೇತುವೆಯನ್ನು ಎಷ್ಟು ಸಾವಿರ ಸಲ ದಾಟಿದ್ದರೋ ಅವರಿಗೇ ಗೊತ್ತಿಲ್ಲ. ನಾನು ಕಟ್ಟಿದ ಮೊದಲ ಸ್ಟೇಷನ್ನು ತೋರಿಸಿದಾಗ ಅವರು ಕನ್ನಡಕ ಏರಿಸಿ, ಇಳಿಸಿ, "ಆಟಿಗಿ ಸಾಮಾನು ಛಲೋ ಅದ" ಎಂದರು.

ಆಟಿಕೆ ಸಾಮಾನು! ಆ ಮಾತು ವಾರಗಟ್ಟಲೆ ಕಿವಿಯಲ್ಲಿ ಕುಳಿತಿತ್ತು. ನಾನು ಆವತ್ತೇ ಹಟ ತೊಟ್ಟೆ. ಕೃಷ್ಣಾ ಸೇತುವೆ ಕಟ್ಟುತ್ತೇನೆ, ಇವರ ಬಾಯಿಂದ "ಹೌದು, ಇದು ಕೃಷ್ಣಾ" ಅನ್ನಿಸುತ್ತೇನೆ. ಬೇರೆ ಯಾರ ಹೊಗಳಿಕೆಯೂ ನನಗೆ ಬೇಡವಾಗಿತ್ತು.

ಕಂಬಗಳ ವಿಷಯದಲ್ಲಿ ಮೊದಲ ಸೋಲು. ಸೇತುವೆಯ ಅಷ್ಟೂ ಕಂಬ ಹಾಕಿದರೆ ಗಾಡಿ ಗೋಡೆ ಒಡೆದು ಪಕ್ಕದ ಮನೆಯ ಅಡುಗೆಕೋಣೆಗೆ ಹೋಗುತ್ತಿತ್ತು. ರಾಯಚೂರು ಕಡೆಯ ಮೊದಲ ಏಳು ಕಂಬಗಳಷ್ಟೇ ಎಂದು ಒಪ್ಪಿಕೊಂಡೆವು. ಆಮೇಲೆ ನೀರು. ಯಾವ ತಿಂಗಳ ಕೃಷ್ಣಾ? ಬೆಂಚಿನ ಮೇಲೆ ಎರಡು ಭಾನುವಾರ ಇದೇ ಜಗಳ. ಬೇಸಿಗೆಯ ನದಿ ಎಂದರೆ ಬರೀ ಕಲ್ಲು, ಮಹಾಪೂರದ ನದಿ ಎಂದರೆ ಬರೀ ಕೆಸರು. ಕೊನೆಗೆ ದೇವದುರ್ಗದವನು, "ದಸರಾ ಮುಂದ ನೋಡ್ರಿ ಅಕ್ಕಾರ, ಹೊಳಿ ಇಳದಿರ್ತದ. ಹಾಲು ಕಮ್ಮಿ ಹಾಕಿದ ಚಾದಂಗ ಕಾಣ್ತದ. ನಮ್ಮ ಕುರಿ ಆಗ ದಂಡಿಗಿ ಇಳೀತಿದ್ವು" ಎಂದ. ಮುಂದಿನ ವಾರ ಬಾಟಲಿಯಲ್ಲಿ ಹೊಳೆಯ ನೀರನ್ನೇ ತುಂಬಿಕೊಂಡು ಬಂದ. ಅದನ್ನು ಪಕ್ಕದಲ್ಲಿಟ್ಟುಕೊಂಡು ನಾನು ರಾಳಕ್ಕೆ ಹನಿಹನಿಯಾಗಿ ಬಣ್ಣ ಸೇರಿಸಿದೆ. ಎರಡು ಶೀಸೆಯ ದ್ರವ ಕಲಸಿ ಸುರಿದರೆ ಒಂದೂವರೆ ದಿನದಲ್ಲಿ ಗಾಜಿನಂತೆ ಗಟ್ಟಿಯಾಗುವ ರಾಳ ಅದು. ನದಿಯನ್ನು ಮೂರು ಪದರದಲ್ಲಿ ಸುರಿದೆ. ಕೊನೆಯ ಪದರ ಶುಕ್ರವಾರ ಸಂಜೆ. ಭಾನುವಾರ ಡ್ರೈವರ್ ಸಾಹೇಬರು ನೋಡಲು ಬರುವವರಿದ್ದರು.

ಶನಿವಾರ ಮಧ್ಯಾಹ್ನ ಮಾನ್ವಿಯವರು, ದೇವದುರ್ಗದವನು ಇಬ್ಬರೂ ಬಂದರು. ನೀರು ಇನ್ನೂ ಹಸಿಯಿತ್ತು. "ಯಾರೂ ಮುಟ್ಟಬಾರದು" ಎಂದು ತರಗತಿಯ ದನಿಯಲ್ಲಿ ಹೇಳಿದೆ. ದೇವದುರ್ಗದವನು ಗಾಡಿ ಬಿಟ್ಟ. ಹಳೆಯ ಮೊಬೈಲಿನ ಸ್ಪೀಕರು ಇಂಜಿನ್ನಿನೊಳಗೆ ಹಾರ್ನ್ ಕೂಗಿತು. ಕಲ್ಲಿದ್ದಲು ಗಾಡಿ ಸೇತುವೆ ಏರಿತು.

ಅಷ್ಟರಲ್ಲಿ ಮಾನ್ವಿಯವರ ಕೈ ಅಂಗಿಯ ಕಿಸೆಗೆ ಹೋಯಿತು, ಹೊರಬಂತು. ಐದು ರೂಪಾಯಿಯ ಬಿಲ್ಲೆಯೊಂದು ನನ್ನ ಕಣ್ಣೆದುರೇ ಹಾರಿ ಮೂರನೇ ಕಂಬದ ಮುಂದೆ ಪಿಚ್ಚೆಂದು ಬಿದ್ದು ಮುಳುಗಿತು. ಅವರು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು.

ನಮ್ಮ ಕಡೆ ರೂಢಿಯೇ ಹಾಗೆ. ಗಾಡಿ ಕೃಷ್ಣಾ ಸೇತುವೆ ಹತ್ತಿದ ಸದ್ದಾದರೆ ಸಾಕು, ಮಲಗಿದವರೂ ಎದ್ದು ಕಿಟಕಿಯಿಂದ ನಾಣ್ಯ ಎಸೆದು ಕೈ ಮುಗಿಯುತ್ತಾರೆ. ಎಸಿ ಡಬ್ಬಿಯವರಿಗೆ ಮಾತ್ರ ಆ ಪುಣ್ಯವಿಲ್ಲ. ಆದರೆ ಮಾಳಿಗೆಯ ಮೇಲೆ?

"ಹುಚ್ಚು ಹಿಡದದೇನ್ರಿ ನಿಮಗ?" ನನ್ನ ಸಿಟ್ಟು ನೆತ್ತಿಗೇರಿತ್ತು.

"ನಾ ಹಾಕಿಲ್ರಿ ಟೀಚರ್, ಕೈ ಹಾಕ್ತು!"

"ಮುಟ್ಟಬ್ಯಾಡ್ರಿ ಅಂತ ಹೇಳಿದ್ದಿಲ್ಲೇನು?"

"ಮುಟ್ಟಿಲ್ಲಲ್ರಿ!"

ದೇವದುರ್ಗದವನು ಗೋಡೆಗೆ ಮುಖ ಮಾಡಿ ನಗುತ್ತಿದ್ದ. ನಾನು ಮನಸ್ಸಿನಲ್ಲೇ ಗುಣಿಸಿದೆ. ನಮ್ಮ ಅಳತೆಯಲ್ಲಿ ಆ ಬಿಲ್ಲೆ ಆರೂವರೆ ಅಡಿ ಅಗಲ. ಕೃಷ್ಣೆಯ ನಡುವೆ ಎಮ್ಮೆಗಿಂತ ದೊಡ್ಡ ನಾಣ್ಯ! ಕೀಳಲು ಹೋದರೆ ನೀರಿಗೆ ಗುಂಡಿ ಬೀಳುತ್ತದೆ. ಕೊನೆಗೆ ಮಾನ್ವಿಯವರೇ ತಮ್ಮ ತಪ್ಪು ಮುಚ್ಚಲು ದಾರಿ ಕಂಡುಕೊಂಡರು. ಥರ್ಮಾಕೋಲಿನಿಂದ ಒಂದು ಬಂಡೆ ಕೊರೆದು, ಬಣ್ಣ ಬಳಿದು, ನಾಣ್ಯದ ಮೇಲೆ ಕೂರಿಸಿದರು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಹುಡುಗರ ನಕಲು ಹಿಡಿಯುತ್ತ ಬಂದವಳು ನಾನೇ ನಕಲಿಗೆ ಇಳಿದಿದ್ದೆ.

ಭಾನುವಾರ ಉಳಿದಿಬ್ಬರ ಜೊತೆ ಡ್ರೈವರ್ ಸಾಹೇಬರು ಬಂದರು. ಗಾಡಿಯ ರೆಗ್ಯುಲೇಟರನ್ನು ಅವರ ಕೈಗೇ ಕೊಟ್ಟೆ. ಅವರು ಅದನ್ನು ಹಿಡಿದುಕೊಂಡೇ ಬಗ್ಗಿ, ಕಣ್ಣನ್ನು ಇಂಜಿನ್ನಿನ ಕಿಟಕಿಯ ಮಟ್ಟಕ್ಕೆ ತಂದು ನೋಡತೊಡಗಿದರು. ಒಂದನೇ ಕಂಬ. ಎರಡನೇ ಕಂಬ.

"ಮೂರನೇ ಕಂಬದ ಮುಂದ ಈ ಕಲ್ಲು ಎಲ್ಲಿಂದ ಬಂತ್ರಿ ಟೀಚರ್? ಅಲ್ಲಿ ನೀರು ಬಿಟ್ರ ಏನೂ ಇಲ್ಲ."

ನಾನು ಮಾನ್ವಿಯವರ ಮುಖ ನೋಡಿದೆ, ಅವರು ಸೂರು ನೋಡಿದರು. ಸಾಹೇಬರು ಬೆರಳಿನಿಂದ ಬಂಡೆಯನ್ನು ಮೆಲ್ಲಗೆ ತಳ್ಳಿದರು. ಅದು ಕಳಚಿ ಬಂತು. ಕೆಳಗೆ ಚಹಾ ಬಣ್ಣದ ನೀರಿನೊಳಗೆ ಐದು ರೂಪಾಯಿ ಹೊಳೆಯುತ್ತಿತ್ತು.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ಕಾಯುತ್ತ ನಿಂತೆ. ಅವರು ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಆ ನಾಣ್ಯವನ್ನೇ ನೋಡಿದರು.

"ಡ್ಯೂಟಿಗಿ ಹೊಂಟಾಗೆಲ್ಲ ನಮ್ಮಾಕಿ ಟಿಫಿನ್ ಚೀಲದಾಗ ಒಂದು ರೂಪಾಯಿ ಇಡತಿದ್ಳು" ಎಂದರು. "ಕೃಷ್ಣಾಕ್ಕ ಹಾಕ್ರಿ ಅಂತ. ಸೇತುವಿ ಮ್ಯಾಲ ನಾ ಹೆಂಗ ಹಾಕಲಿ? ಒಂದು ಕೈ ಗಾಡಿ ಮ್ಯಾಲ, ಒಂದು ಕೈ ಹಾರ್ನ್ ಮ್ಯಾಲ, ಕಣ್ಣು ಸಿಗ್ನಲ್ ಮ್ಯಾಲ. ಇಳದ ಮ್ಯಾಲ ಅದು ಚಾದಂಗಡಿಗಿ ಹೋಗತಿತ್ತು. ಮನಿಗಿ ಹೋದ್ರ, ಹಾಕಿದ್ರೇನು ಅಂತ ಕೇಳಾಕಿ. ಹಾಕಿದೆ ಅನ್ನಾಂವ. ಬರೇ ಸುಳ್ಳು. ಸರ್ವಿಸ್ ಪೂರ್ತಿ ಒಂದು ಸಲನೂ ಹಾಕಿಲ್ರಿ ನಾ."

ಅವರು ನನ್ನ ಕಡೆ ತಿರುಗಿ, "ಆ ನೀರು ಇನ್ನೂ ಉಳದದೇನ್ರಿ?" ಎಂದು ಕೇಳಿದರು.

ಶೀಸೆಗಳ ತಳದಲ್ಲಿ ಒಂದು ಬಟ್ಟಲಿನಷ್ಟು ರಾಳ ಉಳಿದಿತ್ತು. ಅಳತೆಗಾರ್ತಿಯಾದ ನಾನು ಆರೂವರೆ ಅಡಿಯ ಲೆಕ್ಕವನ್ನು ಮರೆತು, ಬಣ್ಣ ಕಲಸಿ, ಮೂರನೇ ಕಂಬದ ಸುತ್ತ ಸುರಿದೆ. ಸಾಹೇಬರು ರೆಗ್ಯುಲೇಟರನ್ನು ನನ್ನ ಕೈಗೆ ವಾಪಸು ಕೊಟ್ಟರು. "ಗಾಡಿ ನೀವು ಓಡಸ್ರಿ. ಇವತ್ತ ನಾ ಪ್ಯಾಸೆಂಜರ್."

ನಾನು ಗಾಡಿ ಬಿಟ್ಟೆ. ದೇವದುರ್ಗದವನು ಹಾರ್ನ್ ಕೂಗಿಸಿದ. ಸಾಹೇಬರು ಎಸೆದ ರೂಪಾಯಿ ಸೇತುವೆಯ ಗರ್ಡರಿಗೆ ಬಡಿದು ಠಣ್ಣೆಂದು ನೆಲಕ್ಕೆ ಬಿತ್ತು. "ರೂಢಿ ಇಲ್ರಿ" ಎಂದು ಅವರು ನಾಚಿದರು. ಮಾನ್ವಿಯವರು ಹೆಕ್ಕಿ ಕೊಟ್ಟರು. ಎರಡನೇ ಸಲ ಅದು ನೇರ ನೀರಿಗೆ ಬಿದ್ದು, ಐದು ರೂಪಾಯಿಯ ಪಕ್ಕದಲ್ಲೇ ಮುಳುಗಿತು. ಅವರು ಎರಡೂ ಕೈ ಎತ್ತಿ ಮುಗಿದರು. ನನಗೆ ಇದು ಕೃಷ್ಣಾ ಹೌದೋ ಅಲ್ಲವೋ ಎಂದು ಕೇಳುವುದೇ ಮರೆತುಹೋಯಿತು.

ಆಮೇಲೆ ಅವರು ಫೋನು ತೆಗೆದು ಮನೆಗೆ ಹಚ್ಚಿದರು. "ಏ, ಕೃಷ್ಣಾಕ್ಕ ರೂಪಾಯಿ ಹಾಕಿದೆ ನೋಡು" ಎಂದರು. ಅವರ ಫೋನಿನ ದನಿ ಯಾವಾಗಲೂ ಜೋರು. ಆ ಕಡೆ ಒಗ್ಗರಣೆಯ ಸದ್ದಿನ ನಡುವೆ ಅವರ ಹೆಂಡತಿ, "ಅದರಾಗ ಹೊಸಾದೇನದ? ಡ್ಯೂಟಿ ಇದ್ದಾಗೆಲ್ಲ ಹಾಕ್ತಿದ್ರಲ್ಲ!" ಎಂದದ್ದು ನಮಗೆಲ್ಲ ಕೇಳಿಸಿತು.

ಸಾಹೇಬರು ಫೋನು ಕಿವಿಗೆ ಒತ್ತಿಕೊಂಡೇ, ಇನ್ನೊಂದು ಕೈಯಿಂದ ಕಿಸೆಯಲ್ಲಿ ಚಿಲ್ಲರೆ ತಡಕುತ್ತ, ಇನ್ನೊಮ್ಮೆ ಗಾಡಿ ಬಿಡಿ ಎಂದು ನನಗೆ ಕಣ್ಣಿನಲ್ಲೇ ಹೇಳಿದರು.